ಮಗುವಿನ ಚಟುವಟಿಕೆ

ಹತ್ತೂ ಕಾಲಿಗೆ ಸರಿಯಾಗಿ ಮಗಳು ಕೇಳಿದಳು: ‘ಅಪ್ಪಾ, ಎಣ್ಣೆ ಯಾಕೆ ನೀರಿನ ಮೇಲೆ ತೇಲುತ್ತೆ?’

ಅವನು ಕೈಲಿದ್ದ ಪೆನ್ನು ಕೆಳಗಿಟ್ಟ. ಯಾವ ಶಾಲೆಯೂ ಇಂಥ ಪ್ರಶ್ನೆಯನ್ನು ಒಂಬತ್ತು ವರ್ಷದ ಮಗುವಿನ ಬಾಯಿಂದ ಹೊರಡಿಸಲಾರದು ಎಂದುಕೊಂಡ. ಒಳಗೆ ಹೋಗಿ ಒಂದು ಲೋಟ ನೀರು, ಒಂದು ಬಟ್ಟಲಲ್ಲಿ ಎಣ್ಣೆ ತಂದ. ಎರಡನ್ನೂ ಬೆಳಿಗ್ಗೆಯೇ ತೆಗೆದಿಟ್ಟಿದ್ದ.

ಊಟದ ಮೇಜೇ ಶಾಲೆ. ಎದುರಿನ ಗೋಡೆಗೆ ಗಡಿಯಾರ. ಅದರ ಸೆಕೆಂಡಿನ ಮುಳ್ಳು ಎಂಟರ ಹತ್ತಿರ ಬಂದಾಗ ಒಂದಿಷ್ಟು ತಡವರಿಸಿ ಮತ್ತೆ ಮೇಲೆ ಹತ್ತುತ್ತಿತ್ತು. ಸೆಲ್ ಬದಲಿಸಬೇಕೆಂದು ನಾಲ್ಕು ದಿನದಿಂದ ಅಂದುಕೊಳ್ಳುತ್ತಿದ್ದ, ಆಗಿರಲಿಲ್ಲ.

ಹನ್ನೊಂದೂವರೆಗೆ ಶಿಕ್ಷಣ ಇಲಾಖೆಯ ಅಧಿಕಾರಿ ಬರುವವರಿದ್ದರು. ಮನೆಯಲ್ಲೇ ಕಲಿಯುವ ಮಕ್ಕಳನ್ನು ವರ್ಷಕ್ಕೊಮ್ಮೆ ನೋಡಿ, ‘ತೃಪ್ತಿಕರ’ ಎಂದೋ ‘ಅತೃಪ್ತಿಕರ’ ಎಂದೋ ಬರೆದು ಹೋಗುವುದು ಅವರ ಕೆಲಸ. ಎರಡನೆಯದಾದರೆ ಮಗಳು ಮತ್ತೆ ಆ ಶಾಲೆಗೆ, ಆ ಕೋಣೆಗೆ, ಆ ಮೂರನೆಯ ಬೆಂಚಿಗೆ.

ಅಲ್ಲಿ ಅವಳು ಮಾತು ಬಿಟ್ಟಿದ್ದಳು. ಹಾಜರಿ ಕೂಗಿದಾಗಲೂ ಬಾಯಿ ತೆರೆಯುತ್ತಿರಲಿಲ್ಲ. ಕ್ಲಾಸ್ ಟೀಚರು ಸ್ವಲ್ಪ ಹೊತ್ತು ಕಾದು ಗೈರು ಹಾಕುತ್ತಿದ್ದರು. ಹೀಗೆ ಕಣ್ಣೆದುರೇ ಕೂತಿದ್ದ ಹುಡುಗಿ ಮೂರು ತಿಂಗಳು ಶಾಲೆಗೆ ಬರಲೇ ಇಲ್ಲವೆಂದು ರಿಜಿಸ್ಟರು ಹೇಳಿತು. ಆ ರಿಜಿಸ್ಟರನ್ನು ನೋಡಿದ ದಿನವೇ ಅವನು ಕೆಲಸಕ್ಕೆ ರಾಜೀನಾಮೆ ಕೊಟ್ಟ. ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಲೆಕ್ಕಾಚಾರದ ಹೆಂಗಸು. ಒಂದು ವರ್ಷ ನೋಡೋಣ ಅಂದಿದ್ದಳು, ಅದಕ್ಕಿಂತ ಒಂದು ದಿನ ಹೆಚ್ಚಿಲ್ಲ.

ಅವನು ಹನ್ನೊಂದು ವರ್ಷ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಮಕ್ಕಳ ಮನಶ್ಶಾಸ್ತ್ರ ಹೇಳಿದವನು. ಮಗುವೇ ಕೇಂದ್ರ ಎಂದು ಬೋರ್ಡಿನ ಮೇಲೆ ವೃತ್ತ ಬರೆದು ತೋರಿಸುತ್ತಿದ್ದ. ನಿಜವಾದ ಮಗುವಿಗೆ ಒಂದು ದಿನವೂ ಪಾಠ ಹೇಳಿರಲಿಲ್ಲ. ಪಾಠಯೋಜನೆಯಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ಒಂದು ಕಾಲಮಿನಲ್ಲಿ ವೇಳೆ, ಪಕ್ಕದಲ್ಲಿ ‘ಶಿಕ್ಷಕರ ಚಟುವಟಿಕೆ’, ಅದರ ಪಕ್ಕ ‘ಮಗುವಿನ ಚಟುವಟಿಕೆ’. ಮೂರನೆಯದು ಖಾಲಿಯಿದ್ದರೆ ವಿದ್ಯಾರ್ಥಿಗಳಿಗೆ ಪುಸ್ತಕ ವಾಪಸ್. ಅವರು ಬೆನ್ನ ಹಿಂದೆ ಅವನನ್ನು ಕಾಲಂ ಮೇಷ್ಟ್ರು ಅನ್ನುತ್ತಿದ್ದರು. ಗೊತ್ತಾದಾಗ ಅವನಿಗೆ ಒಳಗೊಳಗೇ ಖುಷಿಯಾಗಿತ್ತು.

ಮನೆಯಲ್ಲೂ ಅದೇ ಪದ್ಧತಿ. ಭಾನುವಾರ ಮಧ್ಯಾಹ್ನ ಹೆಂಡತಿ ಮಲಗಿದಾಗ ಇಡೀ ವಾರದ್ದನ್ನು ಬರೆದು ಮುಗಿಸುತ್ತಿದ್ದ. ಯೋಜನೆ ಒಂದು ಸಲ, ನಡೆದದ್ದು ಇನ್ನೊಂದು ಸಲ ಎಂದು ಎರಡೆರಡು ಬಾರಿ ಗೀಚುವುದೇಕೆ? ಆದದ್ದೆಂಬಂತೆಯೇ ಬರೆದುಬಿಡುತ್ತಿದ್ದ: ಮಗು ಗುರುತಿಸಿತು, ಮಗು ನಕ್ಕಿತು, ಮಗು ಸ್ವಂತ ಕುತೂಹಲದಿಂದ ಪ್ರಶ್ನೆ ಕೇಳಿತು. ತಪ್ಪಿದ್ದರೆ ಆಮೇಲೆ ತಿದ್ದಿದರಾಯಿತು. ಆದರೆ ತಿದ್ದುವ ಪ್ರಮೇಯವೇ ಬರುತ್ತಿರಲಿಲ್ಲ. ಮೊದಲ ವಾರ ಒಂದು ಸಲ ಬಂದಿತ್ತು. ಆ ಸಾಲನ್ನು ಹೊಡೆದುಹಾಕಿ, ಮೇಜಿನ ಮೇಲೆ ತಲೆಯಿಟ್ಟು ಅರ್ಧ ಗಂಟೆ ಕೂತಿದ್ದ. ಆಮೇಲೆ ಎಲ್ಲ ಸರಿಹೋಯಿತು. ಮಗಳನ್ನು ತನ್ನಷ್ಟು ಬಲ್ಲವರು ಭೂಮಿಯ ಮೇಲೆ ಇಲ್ಲ ಎಂದು ಅವನಿಗೆ ಖಾತ್ರಿಯಾಯಿತು.

ಮೂರು ವಾರದ ಹಿಂದೆ ಅವಳು ಇದ್ದಕ್ಕಿದ್ದಂತೆ ಬಂದು ಅವನ ಕೊರಳು ತಬ್ಬಿಕೊಂಡಿದ್ದಳು. ಅವನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಿದ್ದ.

ಅಧಿಕಾರಿ ಇಪ್ಪತ್ತು ನಿಮಿಷ ತಡವಾಗಿ ಬಂದರು. ಐವತ್ತರ ಆಸುಪಾಸಿನ ಹೆಂಗಸು. ಮಹಡಿ ಹತ್ತಿ ಸುಸ್ತಾಗಿತ್ತು. ನೀರು ಕೇಳಿ ಕುಡಿದರು, ಟೀ ಬೇಡವೆಂದರು, ಇನ್ನೂ ಮೂರು ಮನೆಗಳಿವೆಯೆಂದು ಎರಡು ಸಲ ಹೇಳಿದರು. ಆಮೇಲೆ ಕನ್ನಡಕ ತೆಗೆದು, ಕಂದು ಹೊದಿಕೆ ಹಾಕಿದ ಅವನ ಪಾಠಯೋಜನೆಯ ಪುಸ್ತಕವನ್ನು ಮುಖದ ಹತ್ತಿರ ಹಿಡಿದು ಓದಿದರು. ಅಕ್ಷರ ಮುತ್ತಿನ ಹಾಗಿದೆ ಎಂದು ಹೊಗಳಿದರು. ಟ್ರೇನಿಂಗ್ ಕಾಲೇಜಿನವರಿಗೆ ತಾನೇನು ಹೇಳಿಕೊಡುವುದಿದೆ ಎಂದರು. ಅವನು ಹಲ್ಲು ಕಿರಿದ.

ಮಗಳು ಕುರ್ಚಿಯ ತುದಿಯಲ್ಲಿ, ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದಳು. ಮಗ್ಗಿ ಹೇಳಿದಳು. ಭೂಪಟದಲ್ಲಿ ನದಿಗಳನ್ನು ತೋರಿಸಿದಳು. ದನಿ ಸಣ್ಣದು, ಆದರೆ ದನಿ ಇತ್ತು. ಅವನು ಕೂತಲ್ಲೇ ಅವಳ ಜೊತೆ ತುಟಿ ಆಡಿಸುತ್ತಿದ್ದ.

‘ಜಾಣೆ,’ ಎಂದರು ಅಧಿಕಾರಿ. ‘ನಾನೇ ಎಷ್ಟೊಂದು ಕೇಳಿಬಿಟ್ಟೆ. ಈಗ ನೀನು ನನ್ನನ್ನ ಏನಾದ್ರೂ ಕೇಳು ನೋಡೋಣ.’

ಮಗಳು ಅಪ್ಪನ ಕಡೆ ನೋಡಿದಳು. ಅವನು ಹುಬ್ಬೇರಿಸಿ ಪ್ರೋತ್ಸಾಹಿಸಿದ. ಅವಳು ಮೇಜಿನ ಮೇಲೆ ತೆರೆದಿದ್ದ ಪುಸ್ತಕದ ಕಡೆ ಕತ್ತು ಚಾಚಿದಳು. ಬುಧವಾರ, ಹನ್ನೊಂದೂವರೆಯಿಂದ ಹನ್ನೆರಡೂವರೆ: ಪರಿಶೀಲನೆ. ಪಕ್ಕದ ಕಾಲಂ ಖಾಲಿ. ಅಧಿಕಾರಿ ಏನು ಮಾಡಿಸುವರೋ ತಿಳಿಯದೆ ಅವನು ಅದೊಂದನ್ನು ಬಿಟ್ಟಿದ್ದ.

‘ಅದನ್ನ ಅಪ್ಪ ಇನ್ನೂ ಬರೆದಿಲ್ಲ,’ ಎಂದಳು.

ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಅಧಿಕಾರಿ ಮತ್ತೆ ಕನ್ನಡಕ ತೆಗೆದು ಹಾಳೆ ಮಗುಚಿದರು. ಗುರುವಾರ ತುಂಬಿತ್ತು. ಶುಕ್ರವಾರ ತುಂಬಿತ್ತು. ಶುಕ್ರವಾರ ಹತ್ತೂವರೆಗೆ ಮಗು ಸ್ವಂತ ಕುತೂಹಲದಿಂದ, ಚಂದ್ರ ನಮ್ಮ ಜೊತೆಯಲ್ಲೇ ಏಕೆ ಬರುತ್ತಾನೆ ಎಂದು ಕೇಳಿತ್ತು. ಹನ್ನೊಂದಕ್ಕೆ ನಕ್ಕಿತ್ತು. ಅವರು ಮಗಳನ್ನು ಒಂದು ಗಳಿಗೆ ನೋಡಿದರು. ಈಗ ಹೇಳುತ್ತಾರೆ ಎಂದುಕೊಂಡ ಅವನು. ಹೇಳಲಿ, ಯಾರಾದರೂ ಹೇಳಲಿ ಎಂದೂ ಅನ್ನಿಸಿತು.

ಅವರು ಪುಸ್ತಕ ಮುಚ್ಚಿ, ಚೀಲದಿಂದ ನಮೂನೆ ತೆಗೆದರು. ಅದು ಆಗಲೇ ತುಂಬಿತ್ತು. ಕಲಿಕೆ, ಆರೋಗ್ಯ, ಮನಸ್ಸಿನ ನೆಮ್ಮದಿ, ಎಲ್ಲದರ ಮುಂದೆಯೂ ತೃಪ್ತಿಕರ. ತಾರೀಕು ಮಾತ್ರ ಬಾಕಿಯಿತ್ತು.

‘ದಿನಕ್ಕೆ ನಾಲ್ಕು ಮನೆ ನೋಡಿ,’ ಎಂದರು ಅವನ ಮುಖ ನೋಡದೆ. ‘ನಾವೂ ಬೆಳಿಗ್ಗೆನೇ ಬರೆದಿಟ್ಕೊಳ್ತೀವಿ.’

ಅವರು ಮೆಟ್ಟಿಲಿಳಿಯುವ ಸದ್ದು ನಿಲ್ಲುವ ಮುಂಚೆಯೇ ಹೆಂಡತಿಯ ಫೋನು ಬಂತು. ತೃಪ್ತಿಕರ ಎಂದ. ಮಗಳು ಮಾತಾಡಿದಳೇ ಎಂದು ಕೇಳಿದಳು. ಹೂಂ ಎಂದ. ಆ ಕಡೆ ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಅಂಥ ನಿರಾಳದ ಉಸಿರನ್ನು ಒಂದು ವರ್ಷದಿಂದ ಅವನು ಕೇಳಿರಲಿಲ್ಲ. ಪುಸ್ತಕದ ವಿಷಯ ಎತ್ತದೆ ಫೋನಿಟ್ಟ.

ಊಟ ಬಡಿಸುವಾಗ ಕೇಳಿದ. ‘ಯಾವಾಗಿಂದ ಓದ್ತಿದ್ದೀಯ ಅದನ್ನ?’

‘ಮೊದಲಿಂದ.’

‘ದಿನಾಲೂ?’

‘ಬೆಳಿಗ್ಗೆ ಮೇಜು ಒರೆಸ್ತೀನಲ್ಲ, ಆವಾಗ.’

‘ಅವತ್ತು ಬಂದು ತಬ್ಕೊಂಡೆಯಲ್ಲ ಮರಿ...’

ಅವಳು ತಟ್ಟೆಯಲ್ಲಿ ಬೆರಳಾಡಿಸಿದಳು. ‘ಮೂರೂ ಮುಕ್ಕಾಲಿಗೆ ಇತ್ತು,’ ಎಂದಳು. ಅವನ ಮುಖ ನೋಡಿ, ಸಮಾಧಾನ ಮಾಡುವವಳಂತೆ ಸೇರಿಸಿದಳು: ‘ಬರೆದಿದ್ದು ಆಗದೇ ಇದ್ರೆ ನೀನು ತಲೆ ಬಗ್ಗಿಸ್ಕೊಂಡು ಕೂತ್ಬಿಡ್ತೀಯ.’

ಅವನು ತಿನ್ನುವುದನ್ನು ಮುಂದುವರಿಸಿದ. ರುಚಿ ಗೊತ್ತಾಗಲಿಲ್ಲ. ಶಾಲೆಯಲ್ಲಿ ಅವಳು ಕನಿಷ್ಠ ಬಾಯಿ ಮುಚ್ಚಿಕೊಂಡಿದ್ದಳು. ಆ ಮೌನ ಅವಳದೇ ಆಗಿತ್ತು. ಅದನ್ನೂ ತಾನು ಕಿತ್ತುಕೊಂಡಿದ್ದೇನೆ ಎನ್ನಿಸಿ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು.

ಮೂರೂವರೆಯವರೆಗೆ ಪುಸ್ತಕದ ಮುಂದೆ ಕೂತಿದ್ದ. ಸಂಜೆಯ ಸಾಲುಗಳನ್ನೆಲ್ಲ ಹೊಡೆದುಹಾಕಿದ. ಅವಳು ಪೆನ್ಸಿಲ್ ಚೂಪು ಮಾಡಿ, ಖಾಲಿ ಹಾಳೆಯ ಮುಂದೆ ಕಾಯುತ್ತಿದ್ದಳು. ಆಡು ಹೋಗು ಎಂದ. ಏನು ಆಡಲಿ ಎಂದಳು. ನಿನಗೆ ಬೇಕಾದ್ದು ಎಂದ. ಅವಳ ಕೆಳತುಟಿ ನಡುಗತೊಡಗಿತು. ನೋಡಲಾಗಲಿಲ್ಲ. ಹತಾಶೆಯಲ್ಲಿ ಪೆನ್ನು ಎತ್ತಿಕೊಂಡು ಬರೆದ: ನಾಲ್ಕರಿಂದ ನಾಲ್ಕೂವರೆ. ಮಗು ತಂದೆಯ ಮಾತು ಕೇಳಲಿಲ್ಲ.

ಅವಳು ಬಗ್ಗಿ ಓದಿದಳು. ‘ಯಾವ ಮಾತು?’

‘ಯಾವುದೂ.’

‘ಆಯ್ತಪ್ಪ,’ ಎಂದಳು. ಮುಖ ಗೆಲುವಾಯಿತು.

ನಾಲ್ಕಕ್ಕೆ ಎದ್ದು ಹೋಗಿ ಗಡಿಯಾರದ ಕೆಳಗೆ ಗೋಡೆಗೆ ಮುಖ ಮಾಡಿ ನಿಂತಳು. ಹಾಲು ಕುಡಿ ಬಾ ಎಂದು ಕರೆದ. ಅವಳು ಅಲ್ಲಾಡಲಿಲ್ಲ. ಮತ್ತೆ ಕರೆದ. ಇಲ್ಲ. ಆ ಸಣ್ಣ ಕುತ್ತಿಗೆಯ ಸೆಟೆತ ನೋಡಿ ಕ್ಷಣ ಕಾಲ ಅವನ ಎದೆ ಹಾರಿತು; ಹಟ, ನಿಜವಾದ ಹಟ ಅಂದುಕೊಂಡ. ಅಷ್ಟರಲ್ಲಿ ಅವಳು ತಲೆಯೆತ್ತಿ ಗಡಿಯಾರ ನೋಡಿದಳು, ಮತ್ತೆ ಗೋಡೆಗೆ ತಿರುಗಿದಳು.

ಹಾಲು ಕೆನೆಗಟ್ಟಿತು. ಎಷ್ಟೋ ಹೊತ್ತಾದ ಮೇಲೆ ಅವನಿಗೆ ಅನುಮಾನ ಬಂತು. ನಿಮಿಷದ ಮುಳ್ಳು ಇಪ್ಪತ್ತಾರರಲ್ಲಿತ್ತು. ಎಷ್ಟೋ ಹೊತ್ತಿನ ಹಿಂದೆ ನೋಡಿದಾಗಲೂ ಅಲ್ಲೇ ಇತ್ತು. ಹೊರಗೆ ಬೀದಿಯ ಬಿಸಿಲು ಎದುರು ಮನೆಯ ತಾರಸಿಗೆ ಏರಿಬಿಟ್ಟಿತ್ತು.

‘ಗಡಿಯಾರ ನಿಂತಿದೆ ಮರಿ. ಟೈಮ್ ಆಗೋಯ್ತು, ಬಾ.’

ಅವಳು ಬೆನ್ನು ತಿರುಗಿಸಿಕೊಂಡೇ ಇಲ್ಲವೆಂದು ತಲೆಯಾಡಿಸಿದಳು. ಕಾಲು ನೋಯುತ್ತಿರಬೇಕು, ಭಾರವನ್ನು ಒಂದು ಪಾದದಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದಳು.

‘ಸಾಕಮ್ಮಾ. ನಾನು ಸುಮ್ಮನೆ ಬರೆದಿದ್ದು ಅದು.’

ಅದೂ ಒಂದು ಮಾತೇ. ಅವಳು ಕೇಳಲಿಲ್ಲ.

ಎದ್ದು ಹೋಗಿ ಎತ್ತಿಕೊಳ್ಳಬೇಕೆನಿಸಿತು. ಏಳಲಾಗಲಿಲ್ಲ. ಎತ್ತಿಕೊಂಡರೆ ಅವಳು ಕೊಸರಿಕೊಳ್ಳುತ್ತಾಳೆ, ಅದೂ ಬರೆದದ್ದಕ್ಕಾಗಿಯೇ. ಅವಳು ಇಲ್ಲಿಗೆ ಬರಬೇಕಾದರೆ ಒಂದೇ ದಾರಿ ಉಳಿದಿತ್ತು. ಪುಸ್ತಕ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದ. ‘ಮಗು’ ಎಂದು ಬರೆದು ನಿಂತ. ಪೆನ್ನಿನ ಮೊನೆಯಿಂದ ಶಾಯಿ ಹಾಳೆಯಲ್ಲಿ ಹರಡತೊಡಗಿತು. ಗೋಡೆಯ ಮೇಲೆ ಸೆಕೆಂಡಿನ ಮುಳ್ಳು ಎಂಟರ ಹತ್ತಿರ ಮೇಲೇಳಲು ನೋಡುತ್ತಿತ್ತು, ಅಲ್ಲೇ ನಡುಗುತ್ತಿತ್ತು. ಅದರ ಕೆಳಗೆ ಮಗಳು ಗೋಡೆಗೆ ಮುಖ ಮಾಡಿ, ನಾಲ್ಕೂವರೆ ಆಗುವುದನ್ನೇ ಕಾಯುತ್ತ ನಿಂತಿದ್ದಳು.