ಮತ್ತೆ ಸೇಬಿನಿಂದ ಶುರು

“ಈ ಮೂರು ಹಲಗೆಗೆ ಇನ್ನೇನು ಗತಿ ಕಾಣಿಸ್ಲಪ್ಪ ನಾನು?”

ಬಡಗಿ ಕಾಳಾಚಾರಿ ಹೀಗೆ ಗಟ್ಟಿಯಾಗಿ ಕೇಳಿದಾಗ ಅವನ ಕೊಟ್ಟಿಗೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ನಾನಿದ್ದೆ. ಆದರೆ ಆಗಿನ್ನೂ ನಾನು ಒಂದಾಗಿರಲಿಲ್ಲ. ಗೋಡೆಗೆ ಒರಗಿಸಿದ್ದ ಮೂರು ಹಲಸಿನ ಹಲಗೆಗಳು, ಅಷ್ಟೆ. ಕಾಳಾಚಾರಿ ಬೀಡಿ ಹಚ್ಚಿ, ನನ್ನನ್ನೇ ಒಂದು ಗಳಿಗೆ ದಿಟ್ಟಿಸಿ, ಉತ್ತರವನ್ನೂ ತಾನೇ ಕಂಡುಕೊಂಡ. ಹಲಗೆಗಳನ್ನು ಜೋಡಿಸಿ, ಬೆನ್ನಿಗೆ ಎರಡು ಪಟ್ಟಿ ಹೊಡೆದು, ಚೌಕಟ್ಟು ಕೂರಿಸಿ, ಮುಂಬದಿಗೆ ಎರಡು ಕೈ ಕರಿ ಬಣ್ಣ ಬಳಿದ. ಹಾಗೆ ನಾನು ಒಂದು ಕಪ್ಪು ಹಲಗೆಯಾದೆ.

ಅದಕ್ಕೂ ಮೊದಲು ನಾನು ನಂಜನಗೂಡಿನ ಕಡೆಯ ಒಂದು ಭಜನೆಮನೆಯ ಜಗಲಿಯಾಗಿದ್ದೆ. ಶನಿವಾರ ಶನಿವಾರ ನನ್ನ ಮೇಲೆ ಚಾಪೆ ಹಾಸಿ ಇಬ್ಬರು ಹಿರಿಯರು ಕೂರುತ್ತಿದ್ದರು. ಒಬ್ಬರು ಭಾರತದ ಷಟ್ಪದಿಯನ್ನು ರಾಗವಾಗಿ ಓದುವರು, ಇನ್ನೊಬ್ಬರು ಅರ್ಥ ಬಿಡಿಸುವರು. ನಲವತ್ತು ವರ್ಷ ಕೇಳಿದೆ. ಕೇಳುವುದು ಬಿಟ್ಟು ನನಗೆ ಬೇರೆ ಪೂಜೆ ಗೊತ್ತಿಲ್ಲ. ಅಲ್ಲಿ ಒಂದು ಕಟ್ಟುಪಾಡಿತ್ತು. ಓದು ನಿಂತ ಕಡೆ ಒಂದು ತುಳಸಿ ಎಲೆ ಇಡುವರು. ಮುಂದಿನ ಶನಿವಾರ ಆ ಎಲೆ ತೆಗೆದು ಅಲ್ಲಿಂದಲೇ ಮುಂದಕ್ಕೆ. ಹಿಂದಿನ ವಾರ ಕಾಡಿಗೆ ಹೋದವರನ್ನು ಈ ವಾರ ಮತ್ತೆ ತೊಟ್ಟಿಲಿಗೆ ಹಾಕುತ್ತಿರಲಿಲ್ಲ. ಭಜನೆಮನೆಗೆ ಸಿಮೆಂಟಿನ ಜಗಲಿ ಬಂದ ಮೇಲೆ ನಾನು ಕಾಳಾಚಾರಿಯ ಕೊಟ್ಟಿಗೆ ಸೇರಿದೆ.

ಅಲ್ಲಿಂದ ನನ್ನನ್ನು ಎತ್ತಿನ ಗಾಡಿಯಲ್ಲಿ ಊರಾಚೆಯ ಅನಾಥಾಲಯಕ್ಕೆ ತಂದರು. ಇಪ್ಪತ್ತೇಳು ಮಕ್ಕಳು, ಅಡುಗೆಯ ರಾಚವ್ವ, ನೋಡಿಕೊಳ್ಳುವ ಶಿವಬಸಪ್ಪನವರು. ನನಗೆ ಹಿಗ್ಗು. ಇಲ್ಲಿಯೂ ದಿನಕ್ಕೊಂದು ಪದ್ಯದಂತೆ ಮುಂದೆ ಮುಂದೆ ಹೋಗುತ್ತೇವೆ ಅಂದುಕೊಂಡೆ.

ಎಲ್ಲಿಯ ಮುಂದೆ!

ಒಂದು ದಿನ ದೂರದೇಶದಿಂದ ಅತಿಥಿಗಳು ಬಂದರು. ಹದಿನೈದು ದಿನ ಇದ್ದು ಮಕ್ಕಳ ಸೇವೆ ಮಾಡುತ್ತಾರಂತೆ. ಮೊದಲನೆಯ ದಿನ ಒಬ್ಬಳು ನನ್ನ ಎದೆಯ ಮೇಲೆ ದೊಡ್ಡದಾಗಿ ಇಂಗ್ಲಿಷಿನ ‘ಎ’ ಬರೆದು, ಪಕ್ಕದಲ್ಲಿ ಒಂದು ಸೇಬು ಬಿಡಿಸಿದಳು. ನಮ್ಮ ಕಡೆ ಸೇಬೆಂದರೆ ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋಗುವಾಗ ಒಯ್ಯುವ ಹಣ್ಣು. ಆದರೂ ಮಕ್ಕಳು ಕಲಿತರು. ಹದಿನೈದನೆಯ ದಿನ ‘ಝಡ್’ ಮುಟ್ಟಿತು. ಅತಿಥಿಗಳು ಅತ್ತರು, ಮಕ್ಕಳೂ ಅತ್ತರು, ಬಸ್ಸು ಹೋಯಿತು.

ಮುಂದಿನ ತಿಂಗಳು ಬೇರೆ ಗುಂಪು ಬಂತು. ಎಲ್ಲಿಗೆ ನಿಂತಿದೆ ಎಂದು ಯಾರೂ ಕೇಳಲಿಲ್ಲ. ‘ಎ’, ಸೇಬು. ಅದರ ಮುಂದಿನವರು ಬಂದರು. ‘ಎ’, ಸೇಬು. ಹಸಿರು ಸೇಬು, ನಗುವ ಸೇಬು, ಹುಳ ಇಣುಕುವ ಸೇಬು! ಮೊದಮೊದಲು ಬೀಳ್ಕೊಡುವಾಗ ಮಕ್ಕಳೂ ಅಳುತ್ತಿದ್ದವು; ಬರಬರುತ್ತ ಅವಕ್ಕೆ ಅಳುವುದಕ್ಕೂ ಬೇಸರವಾಯಿತು. ರಾಚವ್ವ ಬಾಗಿಲಲ್ಲಿ ನಿಂತು, “ಮೊದಲ್ನೇ ಸೇಬು ಇಷ್ಟೊತ್ತಿಗೆ ಮರ ಆಗಿ ಫಲ ಬುಟ್ಟಿರೋದು ಕಣ್ರಪ್ಪ” ಎಂದು ಗೊಣಗುವಳು.

ಮಕ್ಕಳಿಗೆ ಎಲ್ಲ ಬರುತ್ತಿತ್ತು. ಆದರೆ ಬರುತ್ತದೆ ಅನ್ನುವ ಹಾಗಿರಲಿಲ್ಲ. ಶಿವಬಸಪ್ಪನವರು ಮೊದಲೇ ಹೇಳಿಟ್ಟಿದ್ದರು: “ನೋಡ್ರಪ್ಪ, ಅಷ್ಟು ದೂರದಿಂದ ಬತ್ತಾರೆ. ನಮಗೆ ಗೊತ್ತು ಅಂದ್ಬುಟ್ರೆ ಅವ್ರಿಗೆ ಮಾಡಕ್ಕೆ ಏನು ಕೆಲ್ಸ ಉಳೀತದೆ? ಅವ್ರು ಬಂದ್ರೇನೆ ನಮ್ಮ ಒಲೆ ಉರಿಯೋದು.” ನೆಂಟರ ಮನೆಯಲ್ಲಿ ಬಡಿಸಿದರೆ ಹೊಟ್ಟೆ ತುಂಬಿದ್ದರೂ ಉಣ್ಣುವುದಿಲ್ಲವೆ, ಅಂಥ ಮರ್ಯಾದೆ.

ಈ ಮರ್ಯಾದೆಯಲ್ಲಿ ಎಲ್ಲರಿಗಿಂತ ಪಳಗಿದವಳು ನಂಜಮಣಿ. ಐದು ವರ್ಷದವಳಾಗಿದ್ದಾಗ ಬಂದಳು; ಈಗ ಐದನೆಯ ತರಗತಿ. ಒಮ್ಮೆ ಒಬ್ಬ ಅತಿಥಿ ಸೇಬು ತೋರಿಸಿ ಇದೇನೆಂದು ಕೇಳಿದಾಗ ಪುಟ್ಟ ಹುಡುಗಿಯೊಬ್ಬಳು ತಡೆಯಲಾರದೆ, “ಹೇಳ್ಬುಡ್ಲಾ ಅಕ್ಕ?” ಎಂದು ಪಿಸುಗುಟ್ಟಿದಳು.

“ಇವತ್ತು ಬ್ಯಾಡ, ಮೂರ್ನೇ ದಿನ ಹೇಳು,” ಅಂದಳು ನಂಜಮಣಿ. “ಮೊದಲ್ನೇ ದಿನವೇ ಹೇಳುದ್ರೆ ಪಾಪ, ಅವ್ರ ಮೊಕ ಸಪ್ಪಗಾಯ್ತದೆ.”

ಆದರೆ ಅವಳಿಗೆ ಒಳಗೊಳಗೇ ಬೇರೊಂದು ತವಕವಿತ್ತು. ಆರನೆಯ ತರಗತಿಗೆ ದೊಡ್ಡ ವಸತಿ ಶಾಲೆ ಸೇರಬೇಕು. ಅದಕ್ಕೆ ಪ್ರವೇಶ ಪರೀಕ್ಷೆ. ಭಿನ್ನರಾಶಿಯೆಂದರೆ ಅವಳಿಗೆ ಎದೆ ನಡುಕ. ಊರ ಶಾಲೆಯ ಲೆಕ್ಕದ ಮೇಷ್ಟ್ರು ಒಂದು ದಾರಿ ಮಾಡಿಕೊಟ್ಟಿದ್ದರು. ವಾರವೆಲ್ಲ ಮಾಡಿದ ಲೆಕ್ಕ ಒರೆಸದೆ ಬಿಟ್ಟಿರಬೇಕು. ಅವರು ಶನಿವಾರ ಮಧ್ಯಾಹ್ನ ಸೈಕಲ್ಲಿನಲ್ಲಿ ಬಂದು, ತಪ್ಪಿದ ಹೆಜ್ಜೆಗೆ ಸುತ್ತು ಹಾಕಿ, ಅಲ್ಲಿಂದ ಮುಂದಕ್ಕೆ ಹೇಳಿಕೊಡುವರು. ಲೆಕ್ಕಕ್ಕೆಂದು ಬೇರೆ ಪುಸ್ತಕವಿಲ್ಲದ ನಂಜಮಣಿ ನನ್ನ ಕೆಳಗಿನ ಮೂಲೆಯಲ್ಲಿ ಬರೆಯುವಳು. ಶನಿವಾರ ಮೇಷ್ಟ್ರು ಬರುವ ಹೊತ್ತಿಗೆ ಆ ಮೂಲೆಯಲ್ಲೂ ಒಂದು ಸೇಬು ಕೂತಿರುತ್ತಿತ್ತು. ಮೇಷ್ಟ್ರು ಸೇಬಿಗೆ ಸುತ್ತು ಹಾಕಿಯಾರೆ? ಸೈಕಲ್ ತಿರುಗಿಸಿಕೊಂಡು ಹೋಗುವರು.

ಸಾಲದ್ದಕ್ಕೆ, ಕೋಣೆ ಮಂಕಾಗಿದೆಯೆಂದು ಒಂದು ಗುಂಪಿನವರು ನನ್ನ ಮುಖಕ್ಕೇ ಬಣ್ಣ ಬಳಿದರು. ದೊಡ್ಡ ಸೂರ್ಯಕಾಂತಿ ಹೂವು, ಸುತ್ತ ಅವರ ಅಂಗೈಗಳ ಗುರುತು. ಫೋಟೊ ಚೆನ್ನಾಗಿ ಬಂತಂತೆ. ಎಣ್ಣೆಬಣ್ಣದ ಮೇಲೆ ಸೀಮೆಸುಣ್ಣ ಹಿಡಿಯುತ್ತದೆಯೇ ಎಂದು ಯೋಚಿಸಿದವರಿಲ್ಲ. ಬರೆಯಲು ಬಾರದ ಹಲಗೆಯನ್ನು ಇಟ್ಟುಕೊಂಡು ಮಾಡುವುದೇನು? ಕೋಣೆಗೆ ಬಿಳಿ ಹಲಗೆ ಬಂತು. ನನ್ನನ್ನು ಅಡುಗೆಮನೆಯ ಪಡಸಾಲೆಗೆ ತಂದು, ಹೂವಿನ ಮುಖ ಗೋಡೆಗೆ ಮಾಡಿ ನಿಲ್ಲಿಸಿದರು.

ಆ ಮೂಲೆಯಲ್ಲಿ ನನಗೆ ಎರಡನೆಯ ಹುಟ್ಟು. ರಾಚವ್ವ ಗರಗದ ಸೊಪ್ಪು ಅರೆದು, ಒಲೆಯ ಇದ್ದಿಲನ್ನು ಕುಟ್ಟಿ ಬೆರೆಸಿ, ನನ್ನ ಬೆನ್ನಿಗೆ ಮೂರು ಸಲ ಬಳಿದು ಒಣಗಿಸಿದಳು. “ಬರಕೊ ಮಗ, ಇಲ್ಲಿಗೆ ಯಾವ ಸೇಬೂ ಬರಲ್ಲ” ಅಂದಳು. ಎರಡು ಪಟ್ಟಿಗಳ ನಡುವಿನ ಜಾಗದಲ್ಲಿ ನಂಜಮಣಿ ಛೇದಗಳನ್ನು ಸಮ ಮಾಡಲು ಕಲಿತಳು. ನೀರು ಹೊತ್ತು ಬರುವಾಗ, ತಟ್ಟೆ ತೊಳೆಯಲು ಹೋಗುವಾಗ ನನ್ನೆದುರು ನಿಂತು, ತಲೆ ಕೆರೆದು, ಒಂದು ಹೆಜ್ಜೆ ಬರೆದು ಹೋಗುವಳು. ಎಂಟು ಶನಿವಾರ ಮೇಷ್ಟ್ರ ಸುತ್ತುಗಳು ಬಿದ್ದವು. ವಾರದಿಂದ ವಾರಕ್ಕೆ ಕಡಿಮೆಯಾದವು. ವಯಸ್ಸಾದ ಮೇಲೆ ನನಗೆ ಅರಿವಾದದ್ದಿಷ್ಟು: ಬಂದವರಲ್ಲಿ ಕೆಟ್ಟವರು ಒಬ್ಬರೂ ಇರಲಿಲ್ಲ. ಪ್ರೀತಿ ಬೊಗಸೆ ತುಂಬ ತಂದಿದ್ದರು. ಆದರೆ ಕಲಿಸುವವನು ಮೊದಲು ಕೇಳುವವನಾಗಬೇಕು. ಕೇಳದೆ ಸುರಿದ ಪ್ರೀತಿ ತುಂಬಿದ ಕೊಡಕ್ಕೆ ಹೊಯ್ದ ನೀರು.

ಈ ಸಲ ಬಂದವಳು ಬೆಲ್ಜಿಯಂ ದೇಶದ ಎಲ್ಕೆ. ಬಂದ ದಿನವೇ ರಾಚವ್ವನ ಜೊತೆ ನೆಲದ ಮೇಲೆ ಕೂತು ಬೆಳ್ಳುಳ್ಳಿ ಸುಲಿದವಳು. ಮೊನ್ನೆ ಶುಕ್ರವಾರ, ಪರೀಕ್ಷೆಗೆ ಇನ್ನು ಎಂಟೇ ದಿನ ಇರುವಾಗ, ಅವಳ ಕಣ್ಣು ನನ್ನ ಬೆನ್ನಿನ ಮೇಲೆ ಬಿತ್ತು. ಇಷ್ಟು ಒಳ್ಳೆಯ ಹಲಗೆ ಹೀಗೆ ಮಸಿ ಹಿಡಿದು ಕೂತಿದೆಯಲ್ಲ, ಇದಕ್ಕೊಂದು ನವಿಲು ಬರೆಯಲೇ ಎಂದು ಶಿವಬಸಪ್ಪನವರನ್ನು ಕೇಳಿದಳು. ಅವರು ಎಂದಾದರೂ ಬೇಡ ಅಂದವರೇ? ಬಣ್ಣದ ಡಬ್ಬಿಗಳು ಬಂದವು.

“ನಂಜಮಣಿ, ಒದ್ದೆ ಬಟ್ಟೆ ತಕ್ಕಂಡು ಇದನ್ನ ಒರ್ಸು ಮಗ. ಎಲ್ಕೆ ಅಕ್ಕ ನವ್ಲು ಬರೀತಾರಂತೆ,” ಅಂದರು ಶಿವಬಸಪ್ಪನವರು.

“ನಾಳೆ ಮೇಷ್ಟ್ರು ಬತ್ತಾರೆ ಸಾರ್. ಇಪ್ಪತ್ತೆರಡು ಲೆಕ್ಕ ಮಾಡಿವ್ನಿ. ಈ ಶನಿವಾರ ಬುಟ್ರೆ ಇನ್ನು ಪರೀಕ್ಷೆನೇಯ.”

“ಲೆಕ್ಕ ಇನ್ನೊಂದ್ಸಲ ಬರಕೊಬೋದು. ಅತಿಥಿ ಕೇಳವ್ರೆ, ಇಲ್ಲ ಅನ್ನಕಾಯ್ತದಾ?”

“ನವ್ಲು ಎಲ್ಲಿಗೂ ಹಾರೋಗಲ್ಲ ಬುಡಿ ಸಾರ್,” ಅಂದಳು ರಾಚವ್ವ ಒಲೆಯ ಬಳಿಯಿಂದ. “ನಾಳಿದ್ದು ಬರೀಲಿ.”

“ನೀ ಸುಮ್ಕಿರವ್ವ.”

ಎಲ್ಕೆಗೆ ಈ ಮಾತೊಂದೂ ತಿಳಿಯಲಿಲ್ಲ. ತಾನೇ ಬಟ್ಟೆ ಹಿಂಡಿ ತಂದು, ಮಂಡಿಯೂರಿ ಕೂತು, ನಗುತ್ತ ನಂಜಮಣಿಯ ಮುಂದೆ ಹಿಡಿದಳು. “ದಯವಿಟ್ಟು,” ಅಂದಳು. ಅವಳಿಗೆ ಬರುತ್ತಿದ್ದ ಒಂದೇ ಕನ್ನಡ ಮಾತು ಅದು.

ನಂಜಮಣಿ ಆ ಬಟ್ಟೆಯನ್ನು ನೋಡಿದಳು. ಬಂದವರ ಮುಖ ಬಾಡಬಾರದೆಂದು ಐದು ವರ್ಷ ಗೊತ್ತಿದ್ದದ್ದನ್ನು ಗೊತ್ತಿಲ್ಲ ಅಂದ ಹುಡುಗಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ನನಗೆ ಅಡ್ಡವಾಗಿ ನಿಂತಳು.

“ಇಲ್ಲ ಕಣಕ್ಕ,” ಅಂದಳು. “ಒರ್ಸಲ್ಲ.”