ಮೂರು ಕುರಿ, ಒಂದು ನಾಯಿ, ಅರ್ನ್‌ನ ದವಡೆ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ, ಡಾಕ್ಟರೇ, ನಾನು ಕಟ್ಟಿಸಿಕೊಂಡ ಹಲ್ಲುಗಳೂ ಉದುರಿಹೋಗಲಿ. ನೀವು ದನಕರುಗಳ ಡಾಕ್ಟರು, ಬಂಡಾರೂಕಿಗೆ ಬಂದು ಇನ್ನೂ ಎರಡು ವಾರ. ಇಲ್ಲಿನ ಜನ ಏನೇನೋ ಹೇಳುತ್ತಾರೆ, ನಂಬಬೇಡಿ. ಮುಂದಿನ ನಾಯಿ ಮೈದಾನಕ್ಕಿಳಿಯಲು ಹೊತ್ತಿದೆ. ಆ ಕೇಕು ತಿನ್ನುತ್ತಾ ಕೇಳಿ.

ಬೇಲಿಯ ಪಕ್ಕ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ನಿಂತಿದ್ದಾನಲ್ಲ, ಅವನೇ ಅರ್ನ್ ಟ್ರೆಗೆಂಜಾ. ಅವನ ಕಾಲಬುಡದ ಕಪ್ಪು ನಾಯಿ ಫಿಗ್. ಕುರಿನಾಯಿ ಪಂದ್ಯದಲ್ಲಿ ಅರ್ನ್ ಸತತ ಎಂಟು ವರ್ಷ ಎರಡನೆಯವನು. ಎಂಟೂ ವರ್ಷ ಮೊದಲನೆಯವಳು ಅವನ ಸ್ವಂತ ಅಕ್ಕ ಬೆರಿಲ್. ಹೋದ ವರ್ಷ ಪಂದ್ಯಕ್ಕೆ ಮೂರು ತಿಂಗಳಿರುವಾಗ, ಪಬ್ಬಿನಲ್ಲಿ ಊರೆಲ್ಲ ಸೇರಿದ್ದಾಗ, ಬೆರಿಲ್ ಅವನನ್ನು ಕೆಣಕಿದಳು.

"ಪಾಪ, ನಾಯಿ ಚೆನ್ನಾಗೇ ಇದೆ ಕಣೋ. ಅದನ್ನ ಇಟ್ಕೊಂಡಿರೋನ್ದೇ ತೊಂದ್ರೆ."

"ಈ ಸಲ ನಾನು ಗೆಲ್ಲಲಿಲ್ಲ ಅಂದ್ರೆ ಫಿಗ್‌ನ ನೀನೇ ಕರ್ಕೊಂಡು ಹೋಗು," ಅಂದುಬಿಟ್ಟ ಅರ್ನ್.

ನಮ್ಮೂರಲ್ಲಿ ಹೆಂಡತಿಯನ್ನು ಬಿಟ್ಟವರಿದ್ದಾರೆ, ಪಬ್ಬಿನಲ್ಲಿ ಕೊಟ್ಟ ಮಾತನ್ನು ಬಿಟ್ಟವರಿಲ್ಲ.

ಚಿಂತೆ ಕೆಲವರಿಗೆ ಹೊಟ್ಟೆಗಿಳಿಯುತ್ತದೆ, ಕೆಲವರಿಗೆ ತಲೆಗೇರುತ್ತದೆ. ಅರ್ನ್‌ಗೆ ಅದು ನೇರವಾಗಿ ದವಡೆಗೆ ಬಂದು ಕೂತಿತು. ಗಾಡಿ ಓಡಿಸುವಾಗ ಹಲ್ಲು ಕಟಕಟ, ಬೇಲಿ ಕಟ್ಟುವಾಗ ಕಟಕಟ. ಚರ್ಚಿನಲ್ಲಂತೂ ಪಾದ್ರಿಗಳು ಪ್ರವಚನ ನಿಲ್ಲಿಸಿ ಚಾವಣಿ ನೋಡಿದರು. ಗೆದ್ದಲು ಹತ್ತಿದೆಯೆಂದು ಔಷಧಿ ಹೊಡೆಯುವವನನ್ನು ಕರೆಸಿದರು. ಅವನು ಎರಡು ತಾಸು ತೊಲೆತೊಲೆಗೂ ಕಿವಿಗೊಟ್ಟು, ಕೊನೆಗೆ ಅರ್ನ್ ಕೂತಿದ್ದ ಬೆಂಚಿಗೆ ಔಷಧಿ ಹೊಡೆದು ಹೋದ. ಅರ್ನ್ ಬೆಂಚಿನಿಂದ ಇನ್ನೂ ಎದ್ದಿರಲಿಲ್ಲ.

ಊರಿಗೆ ಹಲ್ಲಿನ ಡಾಕ್ಟರ ವ್ಯಾನು ಬಂದಾಗ ನಾನೇ ಅವನನ್ನು ಎಳೆದುಕೊಂಡು ಹೋದೆ. ಪಪಾಸ್ ಮೇಡಂ ಅವನ ಬಾಯೊಳಗೆ ದೀಪ ಹಾಕಿ ನೋಡಿದರು.

"ಬೆಳಿಗ್ಗೆ ಎದ್ದ ತಕ್ಷಣ ತಲೆನೋವಾ? ಕಿವಿ ಹತ್ರ ಹಿಡ್ಕೊಂಡಂಗೆ ಆಗತ್ತಾ?"

"ಹೂಂ."

"ಹುಳುಕು ಒಂದೂ ಇಲ್ಲ. ಏನೋ ತಲೆಗೆ ಹಚ್ಕೊಂಡಿದೀರಿ, ಅದನ್ನ ಹಲ್ಲಿನ ಮೇಲೆ ತೀರಿಸ್ಕೋತಾ ಇದೀರಿ. ದವಡೆ ಹಲ್ಲೆಲ್ಲ ಸವೆದು ಚಪ್ಪಟೆ ಆಗಿವೆ. ಮುಂದಿನ ಹಲ್ಲೊಂದು ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಆ ಚಿಂತೆ ಬಿಡಿ."

"ಬಿಡ್ತೀನಿ ಮೇಡಂ. ನಮ್ಮಕ್ಕ ಬಿಟ್ಟ ದಿನ."

ಹಲ್ಲಿಗೆ ತೊಡಿಸುವ ಮೆತ್ತನೆಯ ಕವಚವೊಂದನ್ನು ಮೇಡಂ ಕೊಟ್ಟರು. ಅದನ್ನು ಹಾಕಿಕೊಂಡು ಅರ್ನ್ ಸಿಳ್ಳೆ ಹೊಡೆದರೆ ಬರೀ ಗಾಳಿ. ಫಿಗ್ ಅವನನ್ನು ಪಂಕ್ಚರ್ ಆದ ಟೈರನ್ನು ನೋಡಿದಂತೆ ನೋಡಿದಳು. ಹಾಕಿಕೊಂಡರೆ ನಾಯಿ ಕೆಲಸ ಮಾಡುವುದಿಲ್ಲ, ಬಿಟ್ಟರೆ ಹಲ್ಲು ಉಳಿಯುವುದಿಲ್ಲ. ಈಗ ಅವನಿಗೆ ಹಲ್ಲಿನ ಚಿಂತೆಯೂ ಸೇರಿಕೊಂಡು, ಮೊದಲಿಗಿಂತ ಜೋರಾಗಿ ಹಲ್ಲು ಕಡಿಯತೊಡಗಿದ.

ಪಂದ್ಯದ ದಿನ ಬಂತು. ಮೂರು ಕುರಿ, ಹದಿನೈದು ನಿಮಿಷ. ಕುರಿಗಳನ್ನು ಕಂಬಗಳ ನಡುವೆ ನಡೆಸಿ, ಮರದ ಸೇತುವೆ ದಾಟಿಸಿ, ದೊಡ್ಡಿಯೊಳಗೆ ಕೂಡಿಹಾಕಬೇಕು. ಮನುಷ್ಯ ಕುರಿಗಳನ್ನು ಮುಟ್ಟುವಂತಿಲ್ಲ, ಕೊನೆಗೆ ದೊಡ್ಡಿಯ ಬಾಗಿಲ ಹಗ್ಗ ಹಿಡಿದು ನಿಲ್ಲಬಹುದು ಅಷ್ಟೇ. ಗಡಿಯಾರ ಹಿಡಿದವನು ನಾನು, ಆದ್ದರಿಂದ ಸೆಕೆಂಡಿನ ಲೆಕ್ಕದಲ್ಲೂ ಸುಳ್ಳಿಲ್ಲ. ಬೆರಿಲ್ ಆಗಲೇ ತೊಂಬತ್ತೊಂದು ಅಂಕ ಬಾಚಿಕೊಂಡಿದ್ದಳು.

ಅರ್ನ್ ಕವಚ ತೆಗೆದಿಟ್ಟು ಸಿಳ್ಳೆ ಹಾಕಿದ. ಫಿಗ್ ಬಾಣದಂತೆ ಹೋದಳು. ಕುರಿಗಳು ಕಂಬ ದಾಟಿದವು, ಸೇತುವೆ ಹತ್ತಿದವು, ಒಂದು ಕುರಿಯೂ ಪಕ್ಕಕ್ಕೆ ಕಣ್ಣು ಹಾಯಿಸಲಿಲ್ಲ. ಅಂಥ ಓಟವನ್ನು ಈ ಮೈದಾನ ಕಂಡಿರಲಿಲ್ಲ. ಹದಿಮೂರು ನಿಮಿಷಕ್ಕೆ ಕುರಿಗಳು ಸೇತುವೆಯಿಂದ ಇಳಿದವು. ಆಗಲೇ ಅರ್ನ್‌ನ ಬಾಯಿಂದ 'ಟಕ್' ಎಂದಿತು.

ಮುಂದಿನ ಹಲ್ಲಿನ ಅರ್ಧ ಹುಲ್ಲಿನ ಮೇಲೆ ಬಿದ್ದಿತ್ತು.

ಅವನ ಮುಂದಿನ ಸಿಳ್ಳೆ ಕೆಟ್ಟುಹೋದ ಪೀಪಿಯಂತೆ ಬಂತು. ಬಾಯಿಮಾತಿನ ಅಪ್ಪಣೆ ಫಿಗ್‌ಗೆ ಕಲಿಸಿಯೇ ಇರಲಿಲ್ಲ. ಅವಳು ಇದ್ದಲ್ಲೇ ಕೂತು ಯಜಮಾನನ ಮುಖ ನೋಡಿದಳು. ದೊಡ್ಡಿ ಇನ್ನೂ ಹನ್ನೆರಡು ಹೆಜ್ಜೆ ದೂರ. ಉಳಿದದ್ದು ಎರಡು ನಿಮಿಷ.

"ಅರ್ನ್, ಜೀಪಲ್ಲಿ ನಾಯಿಗೆ ಕಂಬಳಿ ಹಾಸಿಟ್ಟಿದೀನಿ ಕಣೋ," ಅಂದಳು ಬೆರಿಲ್ ಬೇಲಿಯ ಆಚೆಯಿಂದ. "ನಿಧಾನಕ್ಕೆ ಬಾ."

ದೊಡ್ಡಿಯ ಬಾಗಿಲ ಹಗ್ಗ ಹಿಡಿದು ನಿಂತಿದ್ದ ಅರ್ನ್ ಫಿಗ್‌ಳನ್ನು ನೋಡಿದ. ಅವನ ಕಣ್ಣು ತುಂಬಿತು, ದವಡೆ ಬಿಗಿಯಿತು. ಮುರಿದ ಹಲ್ಲಿನ ಅಂಚು ಸೇರಿ ಕರ್ರ್, ಕರ್ರ್ ಎಂದು ಅಂಥ ಸದ್ದು ಹೊರಟಿತೆಂದರೆ, ಮೂರೂ ಕುರಿಗಳ ಕಿವಿ ಒಟ್ಟಿಗೆ ನೆಟ್ಟಗಾದವು.

ನಿಮಗೆ ಗೊತ್ತಲ್ಲ, ಡಾಕ್ಟರೇ, ನೋವಿನಲ್ಲಿರುವ ಕುರಿ ಹಲ್ಲು ಕಡಿಯುತ್ತದೆ. ನೀವೇ ಓದಿದ್ದೀರಿ. ಆ ಕುರಿಗಳೂ ಅದನ್ನೇ ಅಂದುಕೊಂಡವು. ನಮ್ಮವರಲ್ಲೊಬ್ಬನಿಗೆ ಏನೋ ಆಗಬಾರದ್ದು ಆಗಿದೆ ಅಂತ.

ಮುದಿ ಕುರಿಯೊಂದು ಹೆಜ್ಜೆ ಮುಂದಿಟ್ಟಿತು. ಉಳಿದದ್ದು ಒಂದು ನಿಮಿಷ. ಅರ್ನ್ ಗಾಬರಿಯಾಗಿ ಇನ್ನೂ ಗಟ್ಟಿಯಾಗಿ ಹಲ್ಲು ಕಡಿದ. ಕುರಿ ಇನ್ನೂ ಹತ್ತಿರ ಬಂತು, ಹಿಂದೆ ಉಳಿದೆರಡು. ನಲವತ್ತು ಸೆಕೆಂಡು. ಅದು ಅವನ ಪ್ಯಾಂಟು ಮೂಸಿ, ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡುವಂತೆ ಮುಖ ನೋಡಿತು. ಆಗ ಅರ್ನ್‌ಗೆ ಹೊಳೆಯಿತು. ಕಡಿಯುವುದನ್ನು ನಿಲ್ಲಿಸದೆ, ಹಗ್ಗ ಬಿಡದೆ, ಹಿಂದೆ ಹಿಂದೆ ಸರಿದು ದೊಡ್ಡಿಯೊಳಗೆ ಹೋದ. ಮೂರೂ ಹಿಂಬಾಲಿಸಿದವು. ಹತ್ತು ಸೆಕೆಂಡು. ಅವನು ಬೇಲಿ ಹಾರಿದ. ಯಾರೂ ಹೇಳದಿದ್ದರೂ ಫಿಗ್ ಓಡಿಬಂದು ಬಾಗಿಲಿಗೆ ಅಡ್ಡ ಮಲಗಿದಳು. ಅರ್ನ್ ಹಗ್ಗ ಎಳೆದ. ಬಾಗಿಲು ಮುಚ್ಚಿತು. ಇನ್ನೂ ಮೂರು ಸೆಕೆಂಡು ಉಳಿದಿತ್ತು.

ತೀರ್ಪುಗಾರ ನಿಯಮದ ಪುಸ್ತಕವನ್ನು ಎರಡು ಸಲ ತಿರುವಿಹಾಕಿದ.

"ಸಿಳ್ಳೆ ಹಾಕಬೋದು, ಮಾತಾಡಬೋದು ಅಂತಿದೆ," ಅಂದ. "ಹಲ್ಲಿನ ವಿಷ್ಯ ಎಲ್ಲೂ ಬರೆದಿಲ್ಲ." ತೊಂಬತ್ತೊಂದೂವರೆ ಕೊಟ್ಟ.

ಬೆರಿಲ್ ತಮ್ಮನ ಬೆನ್ನು ತಟ್ಟಿದಳು. "ನೀನು ಕುರಿ ಅಂತ ನಂಗೆ ಚಿಕ್ಕಂದಿನಿಂದ್ಲೂ ಗೊತ್ತಿತ್ತು ಕಣೋ. ಈಗ ಅವಕ್ಕೂ ಗೊತ್ತಾಯ್ತು. ನಿನ್ನ ನಾಯಿ ನೀನೇ ಇಟ್ಕೋ."

ಅವತ್ತಿನಿಂದ ಅರ್ನ್ ಹಲ್ಲು ಕಡಿದಿಲ್ಲ. ಆದರೆ ಆ ಮುದಿ ಕುರಿಗೆ ಸಮಾಧಾನವಾಗಲಿಲ್ಲ ನೋಡಿ. ಮರುದಿನ ಬೆಳಿಗ್ಗೆ ನಾಲ್ಕು ಮೈಲಿ ನಡೆದುಬಂದು ಅವನ ಅಡುಗೆಮನೆಯ ಬಾಗಿಲಲ್ಲಿ ನಿಂತಿತ್ತು. ಬಾಯಲ್ಲಿ ಎಳೆ ಹುಲ್ಲು. ಹಲ್ಲು ಮುರಿದವನಿಗೆ ಜಗಿಯಲು ಕಷ್ಟವಾದೀತೆಂದು ತಾನೇ ನುಣ್ಣಗೆ ಅಗಿದು, ಒಂದು ತಟ್ಟೆಗೆ ಹಾಕಿ, ಪಕ್ಕದಲ್ಲಿ ಒಂದು ಚಮಚ— ಡಾಕ್ಟರೇ, ಚಮಚ ಅಂದರೆ ದೊಡ್ಡದಲ್ಲ, ಚಹಾದ್ದು. ಡಾಕ್ಟರೇ, ಕೇಕು ಬಿಟ್ಟು ಎದ್ದು ಎಲ್ಲಿಗೆ ಹೊರಟಿರಿ? ಆ ಕಡೆ ದಾರಿಯಿಲ್ಲ, ಬೇಲಿಗೆ ಕರೆಂಟು ಬಿಟ್ಟಿದ್ದಾರೆ!