ಬಲಗಡೆಯ ನೋವು

ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅವಳು ಸೂಜಿ ಚಿಕಿತ್ಸೆ ಮಾಡುತ್ತಿದ್ದಳು. ಎಲ್ಲರ ಬಾಯಲ್ಲೂ ಸೂಜಿ ಅಕ್ಕ. ಸೊಂಟ ಹಿಡಿದವರು, ಕತ್ತು ತಿರುಗದವರು ಬರುತ್ತಿದ್ದರೂ ಅವಳಿಗೆ ಹೆಸರು ಬಂದದ್ದು ತಿಂಗಳ ಹೊಟ್ಟೆನೋವಿನಿಂದ. ಪಾದದ ಒಳಗಂಟಿನಿಂದ ನಾಲ್ಕು ಬೆರಳು ಮೇಲೆ, ಹೊಕ್ಕುಳಿನ ಕೆಳಗೆ, ಹೆಬ್ಬೆರಳು ತೋರುಬೆರಳಿನ ನಡುವೆ ಕೂದಲೆಳೆಯಂಥ ಸೂಜಿಗಳನ್ನು ಇಳಿಸಿದರೆ ಎಷ್ಟೋ ಹೆಂಗಸರಿಗೆ ಚುಚ್ಚಿದ್ದೇ ತಿಳಿಯುತ್ತಿರಲಿಲ್ಲ.

ಈ ವಿದ್ಯೆಯನ್ನು ಮೊದಲು ಪ್ರಯೋಗಿಸಿದ್ದು ತಂಗಿಯ ಮೇಲೆ. ತಂಗಿಗೆ ಹದಿಮೂರನೆಯ ವಯಸ್ಸಿನಿಂದಲೂ ತಿಂಗಳಿಗೆ ಎರಡು ದಿನ ನರಕ. ಸೂಜಿ ಹಾಕಿದರೆ ಅರ್ಧ ಗಂಟೆಯಲ್ಲಿ ಎದ್ದು ಕೂತು, "ನೀನು ಮಾಟಗಾತಿ ಕಣೇ ಅಕ್ಕ" ಎಂದು ನಗುತ್ತಿದ್ದಳು. ಮೂರು ವರ್ಷದ ಹಿಂದೆ ಒಂದು ಬೆಳಗ್ಗೆಯೂ ಹಾಗೇ ಬಂದಳು. "ಈ ಸಲ ಬಲಗಡೆನೇ ಜಾಸ್ತಿ" ಅಂದಳು. ಆ ಮಾತು ಅಕ್ಕನ ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. ನೋವು ಕಡಿಮೆಯಾಯಿತು, ತಂಗಿ ಕೆಲಸಕ್ಕೆ ಹೋದಳು. ಅಂಡಾಶಯದಲ್ಲಿ ಗಡ್ಡೆಯೊಂದು ಒಡೆದು, ಒಳಗೊಳಗೇ ರಕ್ತ ಸೋರಿ, ಸಂಜೆಯೊಳಗೆ ತೀರಿಕೊಂಡಳು.

ಅಮ್ಮ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಒಂದೇ ಸೂರಿನಡಿ ಇದ್ದೂ ಇಬ್ಬರೂ ಅವಳ ಹೆಸರೆತ್ತಲಿಲ್ಲ.

ಆಮೇಲೆ ಶುರುವಾಯಿತು. ಯಾರ ಕಾಲಿಗೆ ಸೂಜಿ ಇಳಿಸಿದರೂ ಪರದೆಯಾಚೆಯ ಇನ್ನೊಂದು ಮಂಚದಿಂದ ಹಲ್ಲು ಕಚ್ಚಿ ಉಸಿರೆಳೆದ ಸದ್ದು. ತಂಗಿ ಹಾಗೇ ಎಳೆಯುತ್ತಿದ್ದಳು. ಪರದೆ ಸರಿಸಿದರೆ ಖಾಲಿ. ಯಾರೂ ಮಲಗದಂತೆ ಸೂಜಿ ಅಕ್ಕ ಆ ಮಂಚದ ತುಂಬ ಟವೆಲ್ ಪೇರಿಸಿಟ್ಟಳು. ಬೆಳಗ್ಗೆ ಬಂದು ಬೀಗ ತೆಗೆದರೆ ನಡುವೆ ಒಬ್ಬರು ಮುದುಡಿ ಮಲಗಿದಷ್ಟು ತಗ್ಗು.

ಒಂದು ಮಧ್ಯಾಹ್ನ ಬಸ್ ಕಂಡಕ್ಟರಮ್ಮನೊಬ್ಬಳು ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು.

"ಟಿಕೆಟ್ ಕೊಡೋಕೆ ಎರಡು ಕೈ ಸಾಕು ಅಕ್ಕ. ಹೊಟ್ಟೆ ಹಿಡ್ಕೊಳ್ಳೋಕೆ ಮೂರನೇದು ಎಲ್ಲಿಂದ ತರ್ಲಿ?"

ಸೂಜಿ ಅಕ್ಕ ನಕ್ಕು, ಅವಳನ್ನು ಮಲಗಿಸಿ, ಸೂಜಿ ಹಾಕಿ, ಕಣ್ಣಿನ ಮೇಲೆ ಬಟ್ಟೆ ಮುಚ್ಚಿ, ಕಿಟಕಿಯ ಪಕ್ಕ ಹೋಗಿ ನಿಂತಳು. ಕಾಲು ಗಂಟೆಯಲ್ಲಿ ಕಂಡಕ್ಟರಮ್ಮನ ಉಸಿರು ಹದಕ್ಕೆ ಬಂತು.

"ಈಗ ಪರವಾಗಿಲ್ಲ. ಅವರಿಗೆ ಕೈ ತೆಗೀರಿ ಅನ್ನಿ ಅಕ್ಕ."

"ಯಾರಿಗೆ?"

"ನಿಮ್ ಜೊತೆಯವರಿಗೆ. ಆಗಿಂದ ಬಲಗಡೆನೇ ಒತ್ತಿ ಹಿಡ್ಕೊಂಡಿದಾರೆ. ಕೈ ಎಷ್ಟು ತಣ್ಣಗಿದೆ!"

ಕೋಣೆಯಲ್ಲಿ ಮೂರನೆಯವರು ಇರಲಿಲ್ಲ. ಸೂಜಿ ಅಕ್ಕ ಹತ್ತಿರ ಹೋಗಿ, ಅವಳು ಹೇಳಿದ ಜಾಗದಲ್ಲೇ ತನ್ನ ಬೆರಳೂರಿದಳು. ಹೊಟ್ಟೆ ಹಲಗೆಯಂತೆ ಬಿಗಿದಿತ್ತು.

"ಪ್ರತಿ ತಿಂಗಳೂ ಹೀಗೇನಾ?"

"ಇಲ್ಲಪ್ಪ. ಈ ಸಲ ಮುಟ್ಟಾಗೋಕೆ ಮುಂಚೆನೇ ಶುರುವಾಯ್ತು. ಬೆಳಗ್ಗೆ ಎರಡು ಸಲ ಕಣ್ಣು ಕತ್ತಲೆ ಬಂತು."

ಸೂಜಿ ಅಕ್ಕ ಸರಸರನೆ ಸೂಜಿ ಕಿತ್ತಳು. "ಏಳಿ. ಆಸ್ಪತ್ರೆಗೆ ಹೋಗೋಣ."

"ನೋವು ಕಡಿಮೆ ಆಗಿದೆಯಲ್ಲ ಅಕ್ಕ! ನನಗೆ ಡ್ಯೂಟಿ ಇದೆ."

"ಕಡಿಮೆ ಆಗಿದೆಯಲ್ಲ, ಅದಕ್ಕೇ ನನಗೆ ಭಯ."

ಕಂಡಕ್ಟರಮ್ಮ ಗೊಣಗುತ್ತಲೇ ಆಟೋ ಹತ್ತಿದಳು. ದಾರಿಯಲ್ಲಿ ಮಾತು ನಿಂತಿತು, ತುಟಿ ಬಿಳುಚಿತು. ಸ್ಕ್ಯಾನಿಂಗ್ ಮಾಡಿದ ಡಾಕ್ಟರು ಅವಳನ್ನು ನೇರ ಆಪರೇಷನ್ನಿಗೆ ಒಯ್ದರು. ಗಡ್ಡೆ ಆಗಲೇ ಒಡೆದಿತ್ತು. ಅವಳು ಉಳಿದಳು.

ಸಂಜೆ ಮನೆಗೆ ಬಂದಾಗ ಅಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದಳು. ಸೂಜಿ ಅಕ್ಕ ಬಾಗಿಲಲ್ಲೇ ನಿಂತು ನಡೆದದ್ದನ್ನೆಲ್ಲ ಹೇಳಿದಳು. ಮೂರು ವರ್ಷದಿಂದ ಕೇಳುತ್ತಿದ್ದ ಉಸಿರಿನ ಸಂಗತಿಯನ್ನೂ ಬಿಡಲಿಲ್ಲ. ಅಮ್ಮನ ಕೈ ನಿಂತಿತು.

"ನನಗೂ ಹೇಳಿದ್ಲು ಕಣೇ," ಅಂದಳು. "ಅವತ್ತು ಬೆಳಗ್ಗೆ. ಅಮ್ಮ, ಬಲಗಡೆ ಯಾಕೋ ಬೇರೆ ಥರ ನೋಯ್ತಿದೆ, ಡಾಕ್ಟರ ಹತ್ರ ಹೋಗ್ಲಾ ಅಂದ್ಲು. ಅಕ್ಕ ಇರೋವಾಗ ಡಾಕ್ಟರು ಯಾಕೆ ಅಂತ ನಾನೇ ನಿನ್ನ ಹತ್ರ ಅಟ್ಟಿದೆ."

ಮಗಳು ಪಕ್ಕದಲ್ಲಿ ಕೂತು, ಅಮ್ಮನ ಮಡಿಲಲ್ಲಿದ್ದ ಬಟ್ಟೆ ತೆಗೆದು ಮಡಚತೊಡಗಿದಳು.

"ನಿನ್ನ ಹತ್ರ ಬರ್ತಾಳೆ," ಅಂದಳು ಅಮ್ಮ. "ನನ್ನ ಹತ್ರ ಒಂದು ಸಲನೂ ಬರಲಿಲ್ಲ."

ಈಗ ಸೂಜಿ ಅಕ್ಕ ಹೊಸ ಥರದ ನೋವು ಅಂದವರನ್ನು ಮೊದಲು ಆಸ್ಪತ್ರೆಗೆ ಕಳಿಸುತ್ತಾಳೆ. ಕೆಲವರು ಮುನಿಸಿಕೊಂಡು ಬೇರೆ ಕಡೆ ಹೋಗುತ್ತಾರೆ. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಬರುವ ಅಮ್ಮ, ಪರದೆಯಾಚೆಯ ಖಾಲಿ ಮಂಚದ ಪಕ್ಕ ಕೂತರೆ ಕತ್ತಲಾದರೂ ಏಳುವುದಿಲ್ಲ.